ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: ಕನ್ನಡದಲ್ಲಿ ಬರೆಯುವವರೊಬ್ಬರ ಮೂರು ತಿಂಗಳ ಬಳಕೆ

ನಾನು ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ಪ್ರೌಢಶಾಲಾ ಕನ್ನಡ ಶಿಕ್ಷಕಿ. 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ನನ್ನದು. ಆರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಅದರಲ್ಲಿವೆ. ಕಳೆದ ಎರಡು ವರ್ಷಗಳಿಂದ ಅದನ್ನು ಆನ್ ಮಾಡಿ ಒಲೆಯ ಮೇಲೆ ಹಾಲಿಟ್ಟು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಒಂದು ವರ್ಷದ ಮಟ್ಟಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ದಾರಿ ಇತ್ತಾದರೂ ಅದು ತಾತ್ಕಾಲಿಕ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ತೋರಿಸಿದಾಗ, ‘ಮೇಡಂ, ಇದಕ್ಕೆ ಹನ್ನೊಂದು ಹತ್ತೋದಿಲ್ಲ, ಎಕ್ಸ್‌ಚೇಂಜಿಗೆ ಹಾಕಿಬಿಡಿ’ ಎಂದರು. ಕೀಲಿಮಣೆ ಸರಿಯಾಗಿದೆ, ಪರದೆ ಸರಿಯಾಗಿದೆ, ಬ್ಯಾಟರಿಯನ್ನು ಹೋದ ವರ್ಷವಷ್ಟೇ ಬದಲಿಸಿದ್ದೇನೆ. ಇಂಥ ಯಂತ್ರವನ್ನು ಗುಜರಿಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಎಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗ ಆಗ ಲಿನಕ್ಸ್ ಮಿಂಟ್ ಹೆಸರು ಹೇಳಿದ. ಮೂರು ತಿಂಗಳ ಬಳಕೆಯಲ್ಲಿ ನಾನು ಕಂಡದ್ದನ್ನು, ಮುಖ್ಯವಾಗಿ ಕನ್ನಡದಲ್ಲಿ ಬರೆಯುವವರ ಅಗತ್ಯಗಳನ್ನು ಗಮನದಲ್ಲಿಟ್ಟುಕೊಂಡು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ಬಾರಿಗೆ ಕೇಳುವವರಿಗಾಗಿ ಎರಡು ಮಾತು. ಕಂಪ್ಯೂಟರಿನ ಯಂತ್ರಭಾಗಗಳನ್ನು ನಡೆಸುವ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಲಿನಕ್ಸ್ ಅಂಥದೊಂದು ಕರ್ನಲ್. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆಯಲು ಆರಂಭಿಸಿದರು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಇದೇ ಕರ್ನಲ್. ಅದರ ಸುತ್ತ ಬೇರೆ ಬೇರೆ ತಂಡಗಳು ಕಟ್ಟಿರುವ ಪೂರ್ಣ ವ್ಯವಸ್ಥೆಗಳಿಗೆ ಡಿಸ್ಟ್ರೋ ಎಂದು ಹೆಸರು. ಲಿನಕ್ಸ್ ಮಿಂಟ್ 2006ರಲ್ಲಿ ಶುರುವಾದ ಡಿಸ್ಟ್ರೋ. ಉಬುಂಟು ಎಂಬ ಇನ್ನೊಂದು ಡಿಸ್ಟ್ರೋವನ್ನು ತಳಹದಿಯಾಗಿ ಇಟ್ಟುಕೊಂಡಿದೆ. ನಾನು ಹಾಕಿಕೊಂಡಿರುವುದು ಅದರ 22ನೇ ಸರಣಿಯ ಆವೃತ್ತಿ. ಇದಕ್ಕೆ 2029ರವರೆಗೆ ಅಪ್‌ಡೇಟ್ ದೊರೆಯುತ್ತದೆ. ಸಿನಮನ್, ಮಾಟೆ ಮತ್ತು ಎಕ್ಸ್‌ಎಫ್‌ಸಿಇ ಎಂಬ ಮೂರು ಬಗೆಯ ಡೆಸ್ಕ್‌ಟಾಪುಗಳಲ್ಲಿ ಹಳೆಯ ಯಂತ್ರಕ್ಕೆ ಹಗುರವಾದ ಎಕ್ಸ್‌ಎಫ್‌ಸಿಇ ಆರಿಸಿಕೊಂಡೆ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಜಿಬಿ ಇದ್ದರೆ ಒಳ್ಳೆಯದು ಎಂದು ಮಿಂಟ್ ತಂಡವೇ ಹೇಳುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ.

ಕಡತವನ್ನು ಇಳಿಸಿಕೊಂಡು ಪೆನ್ ಡ್ರೈವಿಗೆ ಬರೆದುಕೊಳ್ಳುವ ಕೆಲಸ ಸುಲಭವಾಗಿಯೇ ಮುಗಿಯಿತು. ‘ದೊಡ್ಡಮ್ಮ, ಏನನ್ನೂ ಅಳಿಸುವುದಕ್ಕೆ ಮೊದಲು ಎರಡು ದಿನ ಪೆನ್ ಡ್ರೈವಿನಿಂದಲೇ ನಡೆಸಿ ನೋಡಿ’ ಎಂದು ಹುಡುಗ ಹೇಳಿದ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಹಾರ್ಡ್ ಡಿಸ್ಕನ್ನು ಮುಟ್ಟದೆ, ಪೆನ್ ಡ್ರೈವಿನಿಂದಲೇ ಇಡೀ ವ್ಯವಸ್ಥೆಯನ್ನು ಚಾಲೂ ಮಾಡಿ ಸೌಂಡ್, ಕ್ಯಾಮೆರಾ, ವೈಫೈ, ಬ್ರೈಟ್‌ನೆಸ್ ಗುಂಡಿ ಎಲ್ಲವೂ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸುವ ಅವಕಾಶ ಇದರಲ್ಲಿದೆ. ಹಾಗೆ ನೋಡುವಾಗ ನಿಧಾನವಾಗಿಯೇ ಇರುತ್ತದೆ, ಆ ವೇಗವನ್ನು ನೋಡಿ ತೀರ್ಮಾನಕ್ಕೆ ಬರಬಾರದು. ನನ್ನ ಯಂತ್ರದಲ್ಲಿ ವೈಫೈ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿತ್ತು. ಇನ್‌ಸ್ಟಾಲ್ ಮಾಡುವಾಗ ಡಿಸ್ಕಿನ ಅರ್ಧವನ್ನು ಮಿಂಟಿಗೆ ಕೊಟ್ಟು, ಉಳಿದರ್ಧದಲ್ಲಿ ವಿಂಡೋಸನ್ನು ಹಾಗೆಯೇ ಉಳಿಸಿಕೊಂಡೆ. ಅದಕ್ಕೆ ಮೊದಲು ಎಲ್ಲ ಕಡತಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡಿದ್ದೆ. ಈ ಒಂದು ಎಚ್ಚರವನ್ನು ಯಾರೂ ತಪ್ಪಿಸಬಾರದು.

ವೈಫೈ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಲವರು ಇಲ್ಲಿಯೇ ಕೈಚೆಲ್ಲುತ್ತಾರೆ. ಕೆಲವು ವೈಫೈ ಚಿಪ್ಪುಗಳ ಡ್ರೈವರ್, ಅಂದರೆ ಅವುಗಳನ್ನು ನಡೆಸುವ ಸಣ್ಣ ತಂತ್ರಾಂಶ, ಮುಕ್ತ ತಂತ್ರಾಂಶವಾಗಿ ದೊರೆಯುವುದಿಲ್ಲವಾದ್ದರಿಂದ ಅದನ್ನು ಆಮೇಲೆ ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿಕೊಳ್ಳಲು ಇಂಟರ್ನೆಟ್ ಬೇಕು. ಇಂಟರ್ನೆಟ್ಟಿಗೆ ವೈಫೈ ಬೇಕು. ಈ ಸುತ್ತಿನಿಂದ ಹೊರಬರಲು ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಫೋನಿನ ಇಂಟರ್ನೆಟ್ಟನ್ನು ಹಂಚಿಕೊಳ್ಳುವ ಟೆದರಿಂಗ್ ಆನ್ ಮಾಡಿದರೆ ಸಾಕು, ಮಿಂಟ್ ಅದನ್ನು ಕೂಡಲೇ ಗುರುತಿಸುತ್ತದೆ. ಅನಂತರ ಡ್ರೈವರ್ ಮ್ಯಾನೇಜರ್ ತೆರೆದು, ಅದು ಸೂಚಿಸಿದ ಡ್ರೈವರನ್ನು ಆರಿಸಿದೆ. ಲ್ಯಾಪ್‌ಟಾಪಿನಲ್ಲಿ ಸೆಕ್ಯೂರ್ ಬೂಟ್ (ಚಾಲನೆಯ ಹೊತ್ತಿನಲ್ಲಿ ಒಪ್ಪಿಗೆಯಿಲ್ಲದ ತಂತ್ರಾಂಶವನ್ನು ತಡೆಯುವ ಕಾವಲು) ಚಾಲ್ತಿಯಲ್ಲಿದ್ದರೆ ಈ ಹಂತದಲ್ಲಿ ಒಂದು ಪಾಸ್‌ವರ್ಡ್ ಕೊಡಲು ಕೇಳುತ್ತದೆ. ಮರುಚಾಲನೆಯಾಗುವಾಗ ನೀಲಿ ಪರದೆಯೊಂದು ಬಂದು, ಅದೇ ಪಾಸ್‌ವರ್ಡನ್ನು ಮತ್ತೆ ಕೇಳುತ್ತದೆ. ಆ ನೀಲಿ ಪರದೆಯನ್ನು ಕಂಡು ಹೆದರಿದ ನಾನು ಮೊದಲ ಸಲ ಏನೂ ಒತ್ತದೆ ಬಿಟ್ಟೆ; ಅದು ಕೆಲವು ಕ್ಷಣ ಕಾದು ಮುಂದೆ ಹೋಯಿತು, ವೈಫೈ ಬರಲಿಲ್ಲ. ಎರಡನೇ ಸಲ ಪಾಸ್‌ವರ್ಡ್ ಕೊಟ್ಟಾಗ ಬಂತು. ಆಮೇಲೆ ಇಂದಿನವರೆಗೂ ತೊಂದರೆ ಕೊಟ್ಟಿಲ್ಲ.

ಇನ್ನೊಂದು ಸಣ್ಣ ಅಡಚಣೆ ಡಿ ಡ್ರೈವಿನದು. ಮಿಂಟಿನಿಂದ ಅದನ್ನು ತೆರೆದರೆ ಕಡತಗಳನ್ನು ಓದಬಹುದಿತ್ತು, ಉಳಿಸಲಾಗುತ್ತಿರಲಿಲ್ಲ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಇದಕ್ಕೆ ಕಾರಣ. ಆ ಸೌಲಭ್ಯವಿರುವಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ, ಡಿಸ್ಕನ್ನು ಹಿಡಿದೇ ಇಟ್ಟಿರುತ್ತದೆ. ವಿಂಡೋಸಿಗೆ ಹೋಗಿ ಅದನ್ನು ತೆಗೆದುಹಾಕಿದ ಮೇಲೆ ಸರಿಹೋಯಿತು.

ವೇಗದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅದೇ ಹಾರ್ಡ್ ಡಿಸ್ಕ್, ಅದೇ ರ‍್ಯಾಮ್. ಆದರೆ ಆನ್ ಮಾಡಿದ ಒಂದು ನಿಮಿಷದ ಆಸುಪಾಸಿನಲ್ಲಿ ಕೆಲಸ ಆರಂಭಿಸಬಹುದು. ಏನನ್ನೂ ತೆರೆಯದಿರುವಾಗ 1 ಜಿಬಿಗಿಂತ ಕಡಿಮೆ ರ‍್ಯಾಮ್ ಬಳಕೆಯಾಗುತ್ತದೆ. ಫೈರ್‌ಫಾಕ್ಸಿನಲ್ಲಿ ಏಳೆಂಟು ಟ್ಯಾಬ್ ತೆರೆದು, ಪಕ್ಕದಲ್ಲಿ ಬರವಣಿಗೆ ಮತ್ತು ಲೆಕ್ಕಪಟ್ಟಿಗಳ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಇಟ್ಟುಕೊಂಡರೂ ಒದ್ದಾಡುವುದಿಲ್ಲ. ಹದಿನೈದು ಟ್ಯಾಬ್ ತೆರೆದರೆ ಒದ್ದಾಡುತ್ತದೆ, ಏಕೆಂದರೆ ಇಂದಿನ ಜಾಲತಾಣಗಳ ಭಾರವನ್ನು ಯಾವ ಆಪರೇಟಿಂಗ್ ಸಿಸ್ಟಮ್ಮೂ ಇಳಿಸಲಾರದು. ಅಪ್‌ಡೇಟುಗಳು ಬಂದಾಗ ಮೂಲೆಯಲ್ಲಿ ಒಂದು ಗುರುತು ಕಾಣಿಸುತ್ತದೆ, ನಾನು ಒತ್ತಿದಾಗ ಮಾತ್ರ ಅವು ಇಳಿಯುತ್ತವೆ. ಉತ್ತರ ಪತ್ರಿಕೆಯ ಅಂಕಗಳನ್ನು ತುಂಬುತ್ತಿರುವ ಹೊತ್ತಿಗೆ ಯಂತ್ರ ತಾನಾಗಿ ಮರುಚಾಲನೆಗೆ ಹೊರಡುವ ಭಯ ಹೋಯಿತು.

ಇನ್ನು ನನ್ನ ಮುಖ್ಯ ವಿಷಯವಾದ ಕನ್ನಡ. ಇನ್‌ಸ್ಟಾಲ್ ಮಾಡುವಾಗ ಭಾಷೆಗಳ ಪಟ್ಟಿಯಲ್ಲಿ ‘ಕನ್ನಡ’ ಎಂದು ಕನ್ನಡ ಲಿಪಿಯಲ್ಲೇ ಕಂಡು, ಸಂತೋಷದಿಂದ ಅದನ್ನೇ ಆರಿಸಿದೆ. ಆದರೆ ಅನುವಾದ ಅರ್ಧಂಬರ್ಧವಾಗಿದೆ. ಒಂದೇ ಮೆನುವಿನಲ್ಲಿ ನಾಲ್ಕು ಸಾಲು ಕನ್ನಡ, ಐದು ಸಾಲು ಇಂಗ್ಲಿಷ್ ಇರುವುದರಿಂದ ಕಣ್ಣಿಗೆ ತೊಡಕು. ಒಂದು ವಾರದ ನಂತರ ಮೆನುಗಳನ್ನು ಇಂಗ್ಲಿಷಿಗೆ ತಿರುಗಿಸಿಕೊಂಡೆ. ಈ ಕೊರತೆಯನ್ನು ಮಿಂಟ್ ತಂಡದ ಮೇಲೆ ಹೊರಿಸುವುದು ನ್ಯಾಯವಲ್ಲ. ಅನುವಾದವನ್ನು ಆಯಾ ಭಾಷೆಯ ಸ್ವಯಂಸೇವಕರು ಮಾಡುತ್ತಾರೆ, ಕನ್ನಡದವರು ಸಾಕಷ್ಟು ಮಂದಿ ಕೈಹಾಕಿಲ್ಲ. ಭಾಷೆ ಕಲಿಸುವ ನನ್ನಂಥವರು ವಾರಕ್ಕೆ ಹತ್ತು ಸಾಲು ಅನುವಾದಿಸಿದರೂ ಆದೀತು ಎಂದು ನಿಜವಾಗಿಯೂ ಅನಿಸಿದೆ.

ಟೈಪಿಂಗಿಗೆ ನಾನು ಇಪ್ಪತ್ತು ವರ್ಷದಿಂದ ಬಳಸುತ್ತಿರುವುದು ನುಡಿ ಎಂಬ ಕನ್ನಡ ಬರಹ ತಂತ್ರಾಂಶದ ಕೀಲಿಮಣೆ, ಅಂದರೆ ಕೆ. ಪಿ. ರಾವ್ ಅವರ ವಿನ್ಯಾಸ. ಮಿಂಟಿನ ಕೀಲಿಮಣೆ ಪಟ್ಟಿಯಲ್ಲಿ ಇಂಡಿಯಾ ವಿಭಾಗದ ಕೆಳಗೆ ‘ಕನ್ನಡ, ಕಗಪ’ ಎಂಬ ಹೆಸರಿನಲ್ಲಿ ಇದೇ ವಿನ್ಯಾಸ ಮೊದಲೇ ಇದೆ. ಅದನ್ನು ಸೇರಿಸಿದೆನಾದರೂ ಸ್ವರಗಳು ನುಡಿಯಲ್ಲಿ ನಡೆದುಕೊಳ್ಳುವಂತೆ ನಡೆದುಕೊಳ್ಳಲಿಲ್ಲ. ವ್ಯಂಜನದ ಮುಂದೆ ಬಂದಾಗ ಸ್ವರ ತಾನಾಗಿ ಗುಣಿತಾಕ್ಷರವಾಗುವ ಜಾಣತನ ಆ ಸರಳ ಪಟ್ಟಿಗೆ ಇಲ್ಲ. ಅದು ಒಂದು ಕೀಲಿಗೆ ಒಂದು ಚಿಹ್ನೆಯನ್ನಷ್ಟೇ ಕೊಡಬಲ್ಲದು. ಎರಡು ದಿನ ಬೆರಳುಗಳು ತಡವರಿಸಿದವು. ಆಮೇಲೆ ಐಬಸ್ ಎಂಬ ಬರಹ ಸಾಧನವನ್ನೂ ಅದರ ಜೊತೆ ಬರುವ ಎಂ17ಎನ್ ಪಟ್ಟಿಗಳನ್ನೂ ಹಾಕಿಕೊಂಡು, ಅದರಲ್ಲಿ ಕನ್ನಡದ ಕೆಜಿಪಿ (ಇದೂ ಅದೇ ವಿನ್ಯಾಸ) ಆರಿಸಿದಾಗ ಕೆಲಸ ಹಳಿಗೆ ಬಂತು. ‘ಅಮ್ಮ’ ಎಂದು ಬರೆಯಲು ಎ, ಎಂ, ಎಫ್, ಎಂ ಒತ್ತಿದೆ. ಎಫ್ ಒತ್ತಿದೊಡನೆ ಅರ್ಧಾಕ್ಷರವಾಗಿ ನಿಂತ ಮಕಾರ, ಮುಂದಿನ ಎಂ ಬರುತ್ತಿದ್ದಂತೆ ಒತ್ತಕ್ಷರವನ್ನು ಹೊತ್ತು ಕುಳಿತಿತು. ನುಡಿ ಕಲಿತ ಕೈಗೆ ಬೇಕಾದದ್ದು ಇದೇ. ಹೊಸಬರು ಮೊದಲ ಪಟ್ಟಿಯಲ್ಲಿ ಕಾಲ ಕಳೆಯದೆ ನೇರವಾಗಿ ಇದಕ್ಕೆ ಹೋಗುವುದು ಒಳಿತು. ಇನ್‌ಸ್ಕ್ರಿಪ್ಟ್ ಕಲಿತವರಿಗೂ, ಇಂಗ್ಲಿಷ್ ಉಚ್ಚಾರಣೆಯ ಮೇಲೆ ಬರೆಯುವವರಿಗೂ ಪ್ರತ್ಯೇಕ ಪಟ್ಟಿಗಳಿವೆ.

ಅಕ್ಷರಗಳ ಚೆಲುವಿನಲ್ಲಿ ಕೊರತೆಯಿಲ್ಲ. ನೋಟೊ, ಲೋಹಿತ್ ಫಾಂಟುಗಳ ಜೊತೆಗೆ ಗುಬ್ಬಿ ಮತ್ತು ನವಿಲು ಎಂಬ ಎರಡು ಮುಕ್ತ ಫಾಂಟುಗಳು ದೊರೆಯುತ್ತವೆ. ನನ್ನ ತಾಯಿಯ ತವರು ಗುಬ್ಬಿ ತಾಲ್ಲೂಕಾದ್ದರಿಂದ ಹೆಸರು ಕಂಡಾಗ ಮನಸ್ಸು ಅರಳಿತು. ಜೊತೆಯದು ನವಿಲಾಗಿರುವುದನ್ನು ನೋಡಿದರೆ ಹೆಸರಿಟ್ಟವರ ಮನಸ್ಸಿನಲ್ಲಿದ್ದುದು ಹಕ್ಕಿಯೇ ಇರಬೇಕು. ನವಿಲು ಕೈಬರಹದಂತೆ ಕಾಣುತ್ತದೆ, ಶಾಲೆಯ ಆಮಂತ್ರಣ ಪತ್ರಗಳಿಗೆ ಒಪ್ಪುತ್ತದೆ. ಲಿಬ್ರೆಆಫೀಸ್ ರೈಟರಿನಲ್ಲಿ ಮಾತ್ರ ಒಂದು ಸಂಗತಿಯನ್ನು ತಿಳಿದಿರಬೇಕು: ಅದು ಇಂಗ್ಲಿಷಿಗೆ ಒಂದು ಫಾಂಟನ್ನೂ, ಸಂಕೀರ್ಣ ಲಿಪಿ ಎಂದು ಕರೆಯುವ ನಮ್ಮ ಲಿಪಿಗಳಿಗೆ ಬೇರೊಂದು ಫಾಂಟನ್ನೂ ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳುತ್ತದೆ. ಭಾಷಾ ಆಯ್ಕೆಗಳಲ್ಲಿ ಆ ಎರಡನೆಯದನ್ನು ಚಾಲ್ತಿಗೊಳಿಸಿ ಕನ್ನಡಕ್ಕೆ ಹೊಂದಿಸದಿದ್ದರೆ, ಗಾತ್ರ ಬದಲಿಸಿದರೂ ಕನ್ನಡದ ಅಕ್ಷರ ಮಾತ್ರ ಬದಲಾಗದೆ ಉಳಿಯುವಂಥ ಪ್ರಸಂಗಗಳು ಎದುರಾಗುತ್ತವೆ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಕನ್ನಡದ ಕಡತಹೆಸರುಗಳು ಒತ್ತಕ್ಷರ ಚದುರಿ ಕಾಣುತ್ತವೆ. ಇದು ದೊಡ್ಡ ಕೊರತೆಯೇ, ಆದರೆ ದಿನನಿತ್ಯದ ಕೆಲಸಕ್ಕೆ ಆ ಕಿಟಕಿ ಬೇಕಾಗುವುದು ಅಪರೂಪ.

ಎಲ್ಲಕ್ಕಿಂತ ಕಷ್ಟವಾದದ್ದು, ಕೊನೆಗೆ ಹೆಚ್ಚು ಫಲ ಕೊಟ್ಟದ್ದು ಹಳೆಯ ನುಡಿ ಕಡತಗಳ ಕೆಲಸ. ಗುಬ್ಬಿ ತಾಲ್ಲೂಕಿನ ಹಿರಿಯ ಹೆಣ್ಣುಮಕ್ಕಳ ಬಾಯಿಂದ ನನ್ನ ತಾಯಿ ಬರೆದಿಟ್ಟುಕೊಂಡಿದ್ದ ಸೋಬಾನೆ ಪದಗಳನ್ನು ನಾನು ಹತ್ತು ಹನ್ನೆರಡು ವರ್ಷಗಳ ಹಿಂದೆ ನುಡಿ ಫಾಂಟಿನಲ್ಲಿ ಟೈಪು ಮಾಡಿಟ್ಟಿದ್ದೆ, ಒಟ್ಟು ಇನ್ನೂರಕ್ಕೂ ಹೆಚ್ಚು ಕಡತಗಳು. ಮಿಂಟಿನಲ್ಲಿ ಮೊದಲ ಕಡತವನ್ನು ತೆರೆದಾಗ ಪರದೆಯ ತುಂಬ ಚುಕ್ಕಿ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸಿತು. ಒಂದು ಕ್ಷಣ ಎದೆ ಧಸಕ್ಕೆಂದಿತು. ನುಡಿಯ ಫಾಂಟ್ ಕಡತಗಳನ್ನು ವಿಂಡೋಸಿನಿಂದ ನಕಲು ಮಾಡಿ ಮಿಂಟಿನ ಫಾಂಟುಗಳ ಫೋಲ್ಡರಿಗೆ ಹಾಕಿದ ಮೇಲೆ ಕನ್ನಡ ಮರಳಿತು. ಆದರೆ ಆ ಒಂದು ಕ್ಷಣ ನನಗೆ ಕಲಿಸಿದ್ದು ದೊಡ್ಡದು: ಆ ಕಡತಗಳಲ್ಲಿ ನಾನು ಕನ್ನಡವನ್ನು ಉಳಿಸಿಯೇ ಇರಲಿಲ್ಲ. ‘ಕ’ ಎಂದು ನಾನು ಒತ್ತಿದ್ದ ಕಡೆಯಲ್ಲೆಲ್ಲ ಕಡತದಲ್ಲಿ ಕುಳಿತಿದ್ದುದು ಇಂಗ್ಲಿಷಿನ ದೊಡ್ಡ ಪಿ ಮತ್ತು ಅದರ ಬೆನ್ನಿಗೊಂದು ಗುರುತಿನ ಎ. ಅದನ್ನು ‘ಕ’ ಎಂಬಂತೆ ಚಿತ್ರಿಸುತ್ತಿದ್ದುದು ಫಾಂಟ್ ಮಾತ್ರ. ಫಾಂಟ್ ಇಲ್ಲದಿದ್ದರೆ ತಾಯಿಯ ಪದಗಳೂ ಇಲ್ಲ. ಯೂನಿಕೋಡಿನಲ್ಲಿ ಹಾಗಲ್ಲ, ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ 1991ರ ಮೊದಲ ಆವೃತ್ತಿಯಿಂದಲೇ ಅದರದೇ ಆದ ಸಂಖ್ಯೆ ಇದೆ, ಯಾವ ಯಂತ್ರದಲ್ಲಿ ಯಾವ ಫಾಂಟಿನಲ್ಲಿ ತೆರೆದರೂ ‘ಕ’ ಕಕಾರವಾಗಿಯೇ ಉಳಿಯುತ್ತದೆ.

ಆದ್ದರಿಂದ ಎಲ್ಲವನ್ನೂ ಯೂನಿಕೋಡಿಗೆ ತರಲು ಕುಳಿತೆ. ಬ್ರೌಸರಿನಲ್ಲೇ ಕೆಲಸ ಮಾಡುವ ಉಚಿತ ಪರಿವರ್ತಕಗಳಿವೆ. ಪಠ್ಯವನ್ನು ಅಂಟಿಸಿದರೆ ಕ್ಷಣದಲ್ಲಿ ಬದಲಿಸಿಕೊಡುತ್ತವೆ. ಆದರೆ ಕಣ್ಣಾಡಿಸದೆ ನಂಬುವಂತಿಲ್ಲ. ನುಡಿಯ ಹಳೆಯ ವಿಧಾನದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಮುಂದಿನ ಅಕ್ಷರದ ನಂತರ ಕುಳಿತಿರುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿ ಮೊದಲೇ ಬರಬೇಕು. ‘ಕರ್ನಾಟಕ’ದಂಥ ಸಾಮಾನ್ಯ ಪದ ಸರಿಯಾಗಿಯೇ ಬಂತು, ಆದರೆ ಅರ್ಕಾವತ್ತಿನ ಜೊತೆ ಒತ್ತಕ್ಷರವೂ ಇದ್ದ ಕೆಲವು ಕಡೆ ಅದು ದಾರಿ ತಪ್ಪಿ ಮುಂದಿನ ಅಕ್ಷರಕ್ಕೆ ಅಂಟಿಕೊಂಡಿತ್ತು. ಟಿಪ್ಪಣಿಗಳಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ ಪದಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬಂದವು, ಏಕೆಂದರೆ ಪರಿವರ್ತಕಕ್ಕೆ ನಿಜವಾದ ಇಂಗ್ಲಿಷ್ ಯಾವುದು, ವೇಷ ಹಾಕಿದ ಕನ್ನಡ ಯಾವುದು ಎಂದು ತಿಳಿಯುವ ದಾರಿಯಿಲ್ಲ. ದಿನಕ್ಕೆ ನಾಲ್ಕೈದು ಕಡತ, ತಾಯಿಯ ಕೈಬರಹದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದುತ್ತಾ ಬಂದೆ.

ಫಲ ಏನೆಂದರೆ, ಈಗ ನಾನು ಹುಡುಕಬಲ್ಲೆ. ಕ್ಯಾಟ್‌ಫಿಶ್ ಎಂಬ ಹುಡುಕುವ ಸಾಧನದಲ್ಲಿ ಕಡತದ ಒಳಗೂ ಹುಡುಕುವ ಆಯ್ಕೆಯನ್ನು ಕೊಟ್ಟು ‘ಹೊಂಬಾಳೆ’ ಎಂದು ಬರೆದರೆ, ಆ ಪದ ಬಂದಿರುವ ಹಾಡುಗಳೆಲ್ಲ ಸಾಲಾಗಿ ಎದುರಿಗೆ ಬರುತ್ತವೆ. ತೆಂಗು ಅಡಕೆಯ ಸೀಮೆಯ ಹಾಡುಗಳಲ್ಲಿ ಆ ಪದ ಎಷ್ಟು ಬಗೆಯಲ್ಲಿ ಬರುತ್ತದೆ ಎಂಬುದು, ಹಾಡುಗಳನ್ನು ನಾನೇ ಟೈಪು ಮಾಡಿದವಳಾದರೂ, ನನಗೆ ಮೊದಲ ಬಾರಿ ತಿಳಿದದ್ದು ಹೀಗೆ. ಮೊದಲ ಸಾಲುಗಳನ್ನು ಲಿಬ್ರೆಆಫೀಸ್ ಕ್ಯಾಲ್ಕಿಗೆ ಹಾಕಿ ವಿಂಗಡಿಸಿದರೆ ಅಕಾರಾದಿಯಾಗಿ ಜೋಡಣೆಯಾಗುತ್ತವೆ. ಹಿಂದೆ ಇದೇ ಕೆಲಸಕ್ಕೆ ಕೈಹಾಕಿದಾಗ ‘ಕ’ ಪಿ ಅಕ್ಷರದ ಜಾಗಕ್ಕೆ ಹೋಗಿ, ಪಟ್ಟಿಯೆಲ್ಲ ಕಲಸಿಹೋಗಿತ್ತು. ಆಗ ಕಾರಣವೇ ತಿಳಿದಿರಲಿಲ್ಲ. ಪರಿವರ್ತನೆಯನ್ನು ವಿಂಡೋಸಿನಲ್ಲಿ ಇದ್ದುಕೊಂಡೂ ಮಾಡಬಹುದಾಗಿತ್ತು ಎಂಬುದು ನಿಜ. ಆದರೆ ಅಲ್ಲಿ ಫಾಂಟ್ ಸದಾ ಇದ್ದುದರಿಂದ ಅದರ ಅಗತ್ಯವೇ ಕಣ್ಣಿಗೆ ಬಿದ್ದಿರಲಿಲ್ಲ.

ಕೊರತೆಗಳಲ್ಲಿ ಪ್ರಿಂಟರ್ ದೊಡ್ಡದು. ಮನೆಯಲ್ಲಿರುವ ಹಳೆಯ ಸಣ್ಣ ಲೇಸರ್ ಪ್ರಿಂಟರಿಗೆ ಸರಿಯಾದ ಲಿನಕ್ಸ್ ಡ್ರೈವರ್ ಸಿಗಲಿಲ್ಲ. ಮೂರು ಸಂಜೆ ಪ್ರಯತ್ನಿಸಿ ಬಿಟ್ಟೆ. ಇತ್ತೀಚಿನ ವೈಫೈ ಪ್ರಿಂಟರುಗಳಲ್ಲಿ ಹಲವು ಪ್ರತ್ಯೇಕ ಡ್ರೈವರ್ ಇಲ್ಲದೆಯೇ ನಡೆಯುತ್ತವೆ, ಶಾಲೆಯ ಪ್ರಿಂಟರ್ ಹಾಗೆಯೇ ಸಲೀಸಾಗಿ ಜೋಡಣೆಯಾಯಿತು. ಮನೆಯಲ್ಲಿ ಮುದ್ರಿಸಬೇಕಾದರೆ ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಗೆ ಒಯ್ಯುತ್ತೇನೆ, ಇಲ್ಲವೇ ವಿಂಡೋಸಿಗೆ ಹೋಗುತ್ತೇನೆ. ಕಡತವನ್ನು ಪಿಡಿಎಫ್ ಮಾಡದೆ ಬೇರೆಯವರಿಗೆ ಕಳಿಸಿದರೆ, ಅವರ ವರ್ಡಿನಲ್ಲಿ ಕೋಷ್ಟಕಗಳ ಅಂಚು ಸ್ವಲ್ಪ ಸರಿದಿರುತ್ತದೆ ಎಂಬುದನ್ನೂ ಹೇಳಬೇಕು; ಪ್ರಶ್ನೆಪತ್ರಿಕೆ ಮಾಡುವವರಿಗೆ ಇದು ಮುಖ್ಯ.

ಬ್ರೌಸರಿನಲ್ಲಿ ಕೆಲಸ ಮಾಡುವವರು, ಕನ್ನಡ ಬರೆಯುವವರು, ಓದುವ ಮಕ್ಕಳಿಗೆ ಒಂದು ಕಂಪ್ಯೂಟರ್ ಬೇಕೆನ್ನುವವರು ಮನೆಯಲ್ಲಿ ಮೂಲೆಗೆ ಬಿದ್ದ ಯಂತ್ರಕ್ಕೆ ಮಿಂಟ್ ಹಾಕಿ ನೋಡಬೇಕೆಂದು ಮನಸಾರೆ ಶಿಫಾರಸು ಮಾಡುತ್ತೇನೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರಿಗೆ, ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾ ಮೇಲೆ ನಿಂತಿರುವ ಡಿಟಿಪಿ ಕೇಂದ್ರದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಆ ತಂತ್ರಾಂಶಗಳು ಲಿನಕ್ಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ಇನ್‌ಸ್ಟಾಲ್ ಆದ ದಿನವೇ ಟೈಮ್‌ಶಿಫ್ಟ್ ತೆರೆದು ವ್ಯವಸ್ಥೆಯ ಒಂದು ಪ್ರತಿಯನ್ನು ಉಳಿಸಿಕೊಂಡರೆ, ಮುಂದೆ ಏನಾದರೂ ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಬಹುದು. ನನ್ನ ಸ್ವಂತ ಕಡತಗಳ ನಕಲನ್ನು ಅದು ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಅದಕ್ಕೆ ಹೊರಗಿನ ಡಿಸ್ಕ್ ಬಳಸುತ್ತಿದ್ದೇನೆ.

ಸೋಬಾನೆಯ ಕಡತಗಳಲ್ಲಿ ಇನ್ನು ನಲವತ್ತರಷ್ಟು ತಿದ್ದುವುದು ಬಾಕಿಯಿದೆ. ಅವು ಮುಗಿಯುವವರೆಗೆ ನುಡಿಯ ಫಾಂಟುಗಳನ್ನು ಮಿಂಟಿನಲ್ಲಿಯೂ ಇಟ್ಟುಕೊಂಡಿರುತ್ತೇನೆ.